ಕ್ರಾಸ್‌ಓವರ್ ಪೆಟ್ಟಿಗೆಯ ಹೊರಗಿರಲಿ

ಮನೆಯಲ್ಲೇ ಸ್ಪೀಕರ್ ಕಟ್ಟಲು ಹೊರಟವರು ಸಾಮಾನ್ಯವಾಗಿ ಮರಗೆಲಸಕ್ಕೆ ಅಂಜುತ್ತಾರೆ. ನಿಜವಾದ ತೊಡಕು ಇರುವುದು ಧ್ವನಿಯನ್ನು ತಗ್ಗು ಸ್ವರ ನುಡಿಸುವ ವೂಫರ್ ಮತ್ತು ಏರು ಸ್ವರ ನುಡಿಸುವ ಟ್ವೀಟರ್ ಎಂಬ ಡ್ರೈವರ್‌ಗಳಿಗೆ ಹಂಚಿಕೊಡುವ ಕ್ರಾಸ್‌ಓವರ್ ಎಂಬ ಮಂಡಲದಲ್ಲಿ. ಅದರ ಮೊದಲ ಲೆಕ್ಕ ಹಾಗೆಯೇ ಉಳಿಯುವುದು ಅಪರೂಪ. ಪ್ರತಿ ಬದಲಾವಣೆಗೂ ವೂಫರ್ ಬಿಚ್ಚಿ ಒಳಗೆ ಕೈತೂರಿಸುವ ಪಾಡು ಬೇಡವಾದರೆ, ಅದನ್ನು ಬೇರೆ ಹಲಗೆಯ ಮೇಲೆ ಹೊರಗೇ ಜೋಡಿಸುವುದು ಲೇಸು.

ಪೆಟ್ಟಿಗೆಗೆ 18 ಮಿ.ಮೀ. ದಪ್ಪದ ಎಂಡಿಎಫ್ (ಒತ್ತಿದ ಮರನಾರಿನ) ಹಲಗೆ ಸಾಕು. ಗಾತ್ರವನ್ನು ವೂಫರ್‌ನ ಥೀಲ್-ಸ್ಮಾಲ್ ಅಂಕಿಗಳಿಂದ (ತಯಾರಕರು ಕೊಡುವ, ವೂಫರ್‌ನ ಗುಣ ಹೇಳುವ ಅಳತೆಗಳಿಂದ) ನಿರ್ಧರಿಸಬೇಕು. ಹೊಸಬರಿಗೆ ಪೂರ್ತಿ ಮುಚ್ಚಿದ ಪೆಟ್ಟಿಗೆಯೇ ಸುಲಭ, ಅದರಲ್ಲಿ ಅಳತೆ ತುಸು ತಪ್ಪಿದರೂ ಕಿವಿಗೆ ಅಷ್ಟಾಗಿ ತಿಳಿಯದು. ಹಿಂಬದಿಗೆ ಎರಡರ ಬದಲು ನಾಲ್ಕು ಟರ್ಮಿನಲ್ (ಪ್ರತಿ ಡ್ರೈವರ್‌ಗೆ ಒಂದು ಜೋಡಿ) ಕೂರಿಸಿ, ಗಾಳಿ ಸೋರದಂತೆ ಮುಚ್ಚಿ, ಟ್ವೀಟರ್‌ನ ಜೋಡಿಗೆ ಬೇರೆ ಬಣ್ಣ ಕೊಡಿ. ವೂಫರ್‌ನ ತಂತಿ ಅಲ್ಲಿಗೆ ಹೋದರೆ ಟ್ವೀಟರ್ ಸುಟ್ಟುಹೋಗಬಹುದು.

ಧ್ವನಿ ಕವಲೊಡೆಯುವ ಆವರ್ತನವು ಟ್ವೀಟರ್‌ನ ಅನುರಣನ ಆವರ್ತನದ (ಅದು ತಾನಾಗಿ ಹೆಚ್ಚು ಕಂಪಿಸುವ ಆವರ್ತನದ) ಕನಿಷ್ಠ ಎರಡರಷ್ಟಿರಲಿ. 2,500 ಹರ್ಟ್ಸ್ ಆರಿಸಿಕೊಂಡು, ಎರಡೂ ಡ್ರೈವರ್‌ಗಳನ್ನು 8 ಓಮ್ ಎಂದು ಹಿಡಿದರೆ, ಎರಡನೇ ದರ್ಜೆಯ ಲಿಂಕ್‌ವಿಟ್ಜ್-ರೈಲಿ ಎಂಬ ಕ್ರಾಸ್‌ಓವರ್ ವಿನ್ಯಾಸದ ಲೆಕ್ಕದಲ್ಲಿ ಪ್ರತಿ ಕಾಯಿಲ್ 1.02 ಮಿಲಿಹೆನ್ರಿ, ಪ್ರತಿ ಕೆಪಾಸಿಟರ್ 3.98 ಮೈಕ್ರೋಫ್ಯಾರಡ್ ಬರುತ್ತದೆ. 1 ಮತ್ತು 3.9 ಬಳಸಿದರೆ ಸಾಕು. ವೂಫರ್‌ಗೆ ಕಾಯಿಲ್ ಸರಣಿಯಲ್ಲಿ, ಕೆಪಾಸಿಟರ್ ಸಮಾಂತರದಲ್ಲಿ; ಟ್ವೀಟರ್‌ಗೆ ಇದರ ತದ್ವಿರುದ್ಧ. ಈ ವಿನ್ಯಾಸದಲ್ಲಿ ಟ್ವೀಟರ್‌ನ ತಂತಿಗಳನ್ನು ಅದಲುಬದಲಾಗಿ ಜೋಡಿಸುವುದು ವಾಡಿಕೆ.

ಆದರೆ 8 ಓಮ್ ಎಂಬುದು ಹೆಸರಿಗೆ ಮಾತ್ರ. ವೂಫರ್‌ನ ಇಂಪೀಡೆನ್ಸ್ (ಎಸಿ ವಿದ್ಯುತ್ತಿಗೆ ಒಡ್ಡುವ ತಡೆ) ಆವರ್ತನದೊಂದಿಗೆ ಏರುತ್ತದೆ, ಕಾಗದದ ಲೆಕ್ಕ ಅಲ್ಲಿಗೆ ತಪ್ಪುತ್ತದೆ. ಇದನ್ನು ತಗ್ಗಿಸಲು ವೂಫರ್‌ಗೆ ಸಮಾಂತರವಾಗಿ ಒಂದು ರೆಸಿಸ್ಟರ್ ಮತ್ತು ಕೆಪಾಸಿಟರ್‌ನ ಸರಣಿಯನ್ನು (ಜೋಬೆಲ್) ಸೇರಿಸುತ್ತಾರೆ: ವೂಫರ್‌ನ ಡಿಸಿ ರೋಧ 6 ಓಮ್, ಇಂಡಕ್ಟೆನ್ಸ್ 0.5 ಮಿಲಿಹೆನ್ರಿ ಇದ್ದರೆ, 7.5 ಓಮ್ ಮತ್ತು ಸುಮಾರು 9 ಮೈಕ್ರೋಫ್ಯಾರಡ್. ಟ್ವೀಟರ್ ಜೋರೆನಿಸಿದರೆ ಅದರ ಭಾಗದ ಮುಂದೆ ರೆಸಿಸ್ಟರ್ ಸೇರಿಸಿ ನೋಡಬಹುದು.

ಹಲಗೆಯ ಮೇಲೆ ಕಾಯಿಲ್‌ಗಳನ್ನು ದೂರವಿರಿಸಿ, ಒಂದರ ಅಕ್ಷ ಇನ್ನೊಂದಕ್ಕೆ ಲಂಬವಾಗಿರುವಂತೆ ಕೂರಿಸಿ. ಇಲ್ಲವಾದರೆ ಒಂದರ ಕಾಂತಕ್ಷೇತ್ರ ಇನ್ನೊಂದನ್ನು ಕದಡುತ್ತದೆ. ಆಂಪ್ಲಿಫೈಯರ್‌ಗೆ ಸೇರಿಸುವ ಮುನ್ನ ಮಲ್ಟಿಮೀಟರ್ ಹಿಡಿಯಿರಿ: ವೂಫರ್‌ನ ಭಾಗ ಬೇರೆಯಾಗಿದ್ದಾಗ, ಟ್ವೀಟರ್ ಭಾಗದ ಒಳಬರುವ ತುದಿಗಳು ಕೆಪಾಸಿಟರ್‌ನಿಂದಾಗಿ ತೆರೆದ ಮಂಡಲವಾಗಿಯೇ ಕಾಣಬೇಕು. ಕೆಲವು ಓಮ್ ತೋರಿಸಿದರೆ ಜೋಡಣೆ ತಪ್ಪಿದೆ.

ಕೊನೆಗೆ ಮೈಕ್ ಇಟ್ಟು ಅಳೆಯುವಾಗ ಟ್ವೀಟರ್‌ನ ತಂತಿಗಳನ್ನು ತಿರುಗಿಸಿ ಮತ್ತೊಮ್ಮೆ ಅಳೆಯಿರಿ. ಒಂದು ಜೋಡಣೆಯಲ್ಲಿ 2,500ರ ಆಸುಪಾಸಿನಲ್ಲಿ ಆಳವಾದ ಕುಳಿ ಬಿದ್ದರೆ, ಇನ್ನೊಂದರಲ್ಲಿ ಎರಡೂ ಡ್ರೈವರ್‌ಗಳು ಚೆನ್ನಾಗಿ ಕೂಡಿಕೊಳ್ಳುತ್ತವೆ. ಅದನ್ನೇ ಉಳಿಸಿಕೊಂಡು, ಕೆಲವು ವಾರ ಕೇಳಿದ ಮೇಲಷ್ಟೇ ಬೆಸುಗೆ ಹಾಕಿ.