ಚರ್ಚ್ ಇತಿಹಾಸದ ಹಳೆಯ ಮುದ್ರಿತ ಪುಸ್ತಕ: ದುಡ್ಡು ಎಣಿಸುವ ಮುನ್ನ ಹಾಳೆ ಎಣಿಸಿ

ನಾನೂರೈವತ್ತು ವರ್ಷ ಹಳೆಯದು ಎಂದ ಮಾತ್ರಕ್ಕೆ ಪುಸ್ತಕ ಅಪರೂಪದ್ದಾಗುವುದಿಲ್ಲ. 16ನೇ ಶತಮಾನದ ಧಾರ್ಮಿಕ ಪುಸ್ತಕಗಳು ರಾಶಿರಾಶಿ ಉಳಿದಿವೆ. ಬೆಲೆ ನಿಂತಿರುವುದು ಮುಖ್ಯವಾಗಿ ಎರಡರ ಮೇಲೆ: ಇದು ಯಾವ ಮುದ್ರಣ, ಮತ್ತು ಹಾಳೆಗಳೆಲ್ಲ ಇವೆಯೇ.

ಮೊದಲು ಒಂದು ಸಣ್ಣ ಕ್ಷೇತ್ರ ಆರಿಸಿಕೊಳ್ಳಿ. 4ನೇ ಶತಮಾನದ ಬಿಷಪ್ ಯುಸೇಬಿಯಸ್ ಬರೆದ ಚರ್ಚ್ ಇತಿಹಾಸದ ಮುದ್ರಣಗಳನ್ನಷ್ಟೇ ಹಿಡಿದರೂ ಸಾಕು. ಅದರ ಗ್ರೀಕ್ ಮೂಲ ಮೊದಲ ಬಾರಿ ಅಚ್ಚಾದದ್ದು 1544ರಲ್ಲಿ, ಪ್ಯಾರಿಸ್‌ನ ರೊಬೇರ್ ಎಸ್ತಿಯೆನ್‌ನ ಮುದ್ರಣಾಲಯದಲ್ಲಿ. ಬಹುಸಂಪುಟದ ಸೆಟ್ಟಿಗೆ ಕೈಹಾಕುವುದಾದರೆ ಎಚ್ಚರ. ಬಾಸೆಲ್‌ನಲ್ಲಿ 1559ರಿಂದ 1574ರವರೆಗೆ ಬಂದ ‘ಮಾಗ್ಡೆಬರ್ಗ್ ಶತಕಗಳು’ ಎಂಬ ಪ್ರೊಟೆಸ್ಟಂಟರ ಚರ್ಚ್ ಇತಿಹಾಸ ಮುಗಿಯುವ ಮುನ್ನವೇ ಅದರ ಮೊದಲ ಭಾಗಗಳು ಮತ್ತೆ ಅಚ್ಚಾಗಿದ್ದವು. ಅದಕ್ಕೆ ಕ್ಯಾಥೊಲಿಕ್ ಉತ್ತರವಾಗಿ ಇಟಲಿಯ ಪಾದ್ರಿ ಬರೋನಿಯಸ್ ಬರೆದ 12 ಸಂಪುಟಗಳು ರೋಮಿನಲ್ಲಿ 1588ರಿಂದ 1607ರವರೆಗೆ ಬಂದರೂ ಆಂಟ್ವರ್ಪ್‌ನಲ್ಲೂ ಮೈನ್ಸ್‌ನಲ್ಲೂ ಮರುಮುದ್ರಣವಾದವು. ಆದ್ದರಿಂದ ಪ್ರತಿ ಸಂಪುಟದ ಊರು, ಇಸವಿ ಬೇರೆಬೇರೆಯಾಗಿಯೇ ನೋಡಿ. ಒಂದೇ ಬಗೆಯ ಬೈಂಡಿಂಗ್ ಇದೆಯೆಂದರೆ ಒಂದೇ ಮುದ್ರಣ ಎಂದರ್ಥವಲ್ಲ.

1501ಕ್ಕೆ ಮುಂಚಿನ ಪುಸ್ತಕಗಳಲ್ಲಿ ಎಷ್ಟೋ ಬಾರಿ ಶೀರ್ಷಿಕೆ ಪುಟವೇ ಇರುವುದಿಲ್ಲ. ಮುದ್ರಕ, ಊರು, ದಿನಾಂಕ ಇದ್ದರೆ ಕೊನೆಯ ಪುಟದ ಸಮಾಪ್ತಿ ವಾಕ್ಯದಲ್ಲಿರುತ್ತವೆ. ಇವುಗಳಿಗೆ ಐಎಸ್‌ಟಿಸಿ, ಆಮೇಲಿನವಕ್ಕೆ ಯುಎಸ್‌ಟಿಸಿ, ಜರ್ಮನ್ ನಾಡಿನ 16ನೇ ಶತಮಾನದ ಪುಸ್ತಕಗಳಿಗೆ ವಿಡಿ16, ಇಂಗ್ಲಿಷ್ ಪುಸ್ತಕಗಳಿಗೆ ಇಎಸ್‌ಟಿಸಿ: ಈ ಆನ್‌ಲೈನ್ ಪಟ್ಟಿಗಳಲ್ಲಿ ನಿಮ್ಮ ಮುದ್ರಣವನ್ನು ಹುಡುಕಿ. ವಿವರವಾದ ಗ್ರಂಥಾಲಯ ಸೂಚಿಗಳಲ್ಲಿ ಹಾಳೆಗಳ ಸೂತ್ರವೂ ಸಿಗುತ್ತದೆ. ಒಟ್ಟಿಗೆ ಮಡಚಿ ಹೊಲಿದ ಹಾಳೆಗಳ ಕಟ್ಟು ಒಂದು ಫಾರಂ, ಅದಕ್ಕೊಂದು ಅಕ್ಷರದ ಗುರುತು; ಯಾವ ಗುರುತಿನ ಫಾರಂನಲ್ಲಿ ಎಷ್ಟು ಹಾಳೆ ಎಂಬುದೇ ಈ ಸೂತ್ರ.

ಆ ಸೂತ್ರ ಎದುರಿಗಿಟ್ಟುಕೊಂಡು ಎಣಿಕೆ ಶುರುಮಾಡಿ. ‘ಎ’ಯಿಂದ ‘ಝಡ್’ವರೆಗೆ ತಲಾ 6 ಹಾಳೆ ಎಂದಿದ್ದರೆ ಒಟ್ಟು 156 ಅಲ್ಲ, 138. ಮುದ್ರಕರು ಬಳಸುತ್ತಿದ್ದುದು 23 ಅಕ್ಷರಗಳ ಲ್ಯಾಟಿನ್ ವರ್ಣಮಾಲೆ; ‘ಐ’ ಮತ್ತು ‘ಜೆ’ಗೆ ಒಂದೇ ಗುರುತು, ‘ಯು’ ಮತ್ತು ‘ವಿ’ಗೆ ಒಂದೇ, ‘ಡಬ್ಲ್ಯು’ ಇಲ್ಲ. ಪ್ರತಿ ಫಾರಂನ ಮೊದಲರ್ಧದ ಹಾಳೆಗಳ ಅಡಿಯಲ್ಲಷ್ಟೇ ಸಾಮಾನ್ಯವಾಗಿ ಗುರುತು ಇರುತ್ತದೆ, ಉಳಿದರ್ಧ ಖಾಲಿ. ಪುಟಸಂಖ್ಯೆಯನ್ನು ನಂಬಬೇಡಿ. 187 ಆದ ಮೇಲೆ 198 ಬಂದರೆ ಅದು ಅಚ್ಚಿನ ಮೊಳೆ ಜೋಡಿಸಿದವನ ತಪ್ಪಿರಬಹುದು. ಪುಟದ ಅಡಿಯಲ್ಲಿ ಮುಂದಿನ ಪುಟದ ಮೊದಲ ಪದವನ್ನು ಅಚ್ಚುಮಾಡಿದ್ದರೆ ಎರಡನ್ನೂ ಹೋಲಿಸಿ. ಫಾರಂ ಗುರುತೂ ಸರಿಯಿದ್ದರೆ ಹಾಳೆ ಹೋಗಿಲ್ಲ.

ಮೊದಲು ಕಾಣೆಯಾಗುವುದು ಶೀರ್ಷಿಕೆ ಪುಟ, ಕೊನೆಯ ಹಾಳೆ ಮತ್ತು ಮಡಚಿ ಸೇರಿಸಿದ ದೊಡ್ಡ ಚಿತ್ರಗಳು. ಜಾನ್ ಫಾಕ್ಸ್‌ನ ಹುತಾತ್ಮರ ಚರಿತ್ರೆಯ (ಜಾನ್ ಡೇ ಮುದ್ರಣ, ಲಂಡನ್, 1563) ಪೂರ್ತಿ ಪ್ರತಿ ಸಿಗುವುದು ಕಷ್ಟ.

ಹಾಳೆ ಇದ್ದರೂ ಅದು ಅದೇ ಪುಸ್ತಕದ್ದೇ? ಕುಂದಿರುವ ಎರಡು ಪ್ರತಿ ಸೇರಿಸಿ ಒಂದು ‘ಪೂರ್ಣ’ ಪ್ರತಿ ಮಾಡುವುದು ಹಳೆಯ ವ್ಯಾಪಾರ. ಇಲ್ಲಿ ಹುಳುವೇ ಸಾಕ್ಷಿ: ರಂಧ್ರ ಹತ್ತಾರು ಹಾಳೆಗಳಲ್ಲಿ ಒಂದೇ ಜಾಗದಲ್ಲಿ ಸಾಗುತ್ತಾ ನಡುವೆ ಒಂದು ಹಾಳೆಯಲ್ಲಿ ಮಾತ್ರ ಇಲ್ಲವೆಂದರೆ, ಆ ಹಾಳೆ ಹೊರಗಿನದು. ಟಾರ್ಚನ್ನು ಪಕ್ಕದಿಂದ, ಹಾಳೆಗೆ ತಾಗುವಷ್ಟು ತಗ್ಗಿಸಿ ಹಿಡಿಯಿರಿ. ಮೊಳೆ ಒತ್ತಿದ ಕುಳಿ ಕಾಣದಿದ್ದರೆ ಅದು ಆಮೇಲೆ ಮಾಡಿದ ನಕಲು ಹಾಳೆಯೇ ಎಂದು ಅನುಮಾನಪಡಿ. ಕಾಗದವನ್ನು ತೊಳೆದು ಒತ್ತಿದ್ದರೂ ಕುಳಿ ಅಳಿಯುತ್ತದೆ, ಹಾಗಾಗಿ ಇದೊಂದರಿಂದಲೇ ತೀರ್ಮಾನಿಸಬೇಡಿ. 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ಅಕ್ಷರದ ಅಂಚಿಗೆ ಶಾಯಿ ಒತ್ತರಿಸಿದಂತೆ ಕಂಡರೆ ಅಚ್ಚುಮೊಳೆಯ ಕೆಲಸ. ಚುಕ್ಕಿಚುಕ್ಕಿಯಾಗಿ ಕಂಡರೆ ಆಧುನಿಕ ನಕಲು. ನೇರಳಾತೀತ ದೀಪದಡಿ ಕಾಗದ ನೀಲಿಯಾಗಿ ಹೊಳೆದರೆ ಅದು 20ನೇ ಶತಮಾನದ ನಡುಭಾಗದಿಂದ ಈಚಿನ ಕಾಗದ.

ಶಾಯಿಯಿಂದ ಹೆಸರು ಹೊಡೆದುಹಾಕಿರುವುದೆಲ್ಲ ದೋಷವಲ್ಲ. ಚರ್ಚನ್ನು ಟೀಕಿಸಿದ ವಿದ್ವಾಂಸ ಎರಾಸ್ಮಸ್‌ನಂಥವರ ಹೆಸರನ್ನೂ, ಪ್ರೊಟೆಸ್ಟಂಟ್ ಸಂಪಾದಕರ ಮುನ್ನುಡಿಗಳನ್ನೂ ಕ್ಯಾಥೊಲಿಕ್ ತನಿಖಾಧಿಕಾರಿಗಳು ಹೀಗೆ ಅಳಿಸುತ್ತಿದ್ದರು. ನಮ್ಮ ಮಟ್ಟಿಗೆ ಅಂಥ ಪ್ರತಿ ಇನ್ನಷ್ಟು ರುಚಿಕರ, ಅದೂ ಇತಿಹಾಸವೇ. ಆದರೆ ಆ ಶಾಯಿಯಲ್ಲಿ ಕಬ್ಬಿಣದ ಅಂಶ ಇರುವುದರಿಂದ ಕಾಗದವನ್ನೇ ತಿಂದಿರಬಹುದು. ಬೆಳಕಿಗೆ ಹಿಡಿದು ನೋಡಿ. ಹಾಳೆಯನ್ನೇ ಕತ್ತರಿಸಿದ್ದರೆ ಮಾತ್ರ ಬೆಲೆ ಇಳಿಯಲೇಬೇಕು.

ಗ್ರಂಥಾಲಯದ ಮುದ್ರೆ ಇದ್ದರೆ ಪುಸ್ತಕವನ್ನು ಗ್ರಂಥಾಲಯವೇ ವಿಲೇವಾರಿ ಮಾಡಿದ ಗುರುತನ್ನೂ ಹುಡುಕಿ. 1803ರಲ್ಲಿ ಜರ್ಮನ್ ಮಠಗಳ ಆಸ್ತಿ ಸರ್ಕಾರಗಳ ವಶವಾಗಿ ಅವುಗಳ ಹೆಚ್ಚುವರಿ ಪ್ರತಿಗಳು ಮಾರಾಟವಾದವು, ಆದ್ದರಿಂದ ಮಠದ ಮುದ್ರೆ ಕಂಡೊಡನೆ ಕಳವೆನ್ನಬೇಕಿಲ್ಲ. ಮುದ್ರೆಯನ್ನು ಕೆರೆದು ಕಾಗದ ತೆಳುವಾಗಿರುವ ಜಾಗ ಕಂಡರೆ ಮಾತ್ರ ಕೊಳ್ಳಬೇಡಿ. ಇಟಲಿಯಂಥ ದೇಶಗಳಿಂದ ತರಿಸುವಾಗ ರಫ್ತು ಪರವಾನಗಿಯನ್ನು ಹಣ ಕೊಡುವ ಮುನ್ನವೇ ಕೇಳಿ.

ಮನೆಗೆ ಬಂದ ಮೇಲೆ ತೇವಾಂಶ ಶೇ. 45ರಿಂದ 55ರೊಳಗೆ ಏರಿಳಿತವಿಲ್ಲದೆ ಇರಲಿ. ಭಾರದ ಫೋಲಿಯೊಗಳನ್ನು (ದೊಡ್ಡ ಆಕಾರದ ಪುಸ್ತಕಗಳನ್ನು) ಮಲಗಿಸಿ, ಎರಡು ಮೂರಕ್ಕಿಂತ ಹೆಚ್ಚು ಪೇರಿಸಬೇಡಿ. ಚರ್ಮಕ್ಕೆ ಎಣ್ಣೆ, ಹರಿದಲ್ಲಿ ಸೆಲ್ಲೋಟೇಪ್ ಎರಡೂ ಬೇಡ. ಟೇಪಿನ ಅಂಟು ಕಾಗದದೊಳಗೆ ಇಳಿದು ಕಂದು ಕಲೆಯಾಗಿ ನಿಲ್ಲುತ್ತದೆ. ಹತ್ತಿಯ ಕೈಗವಸೂ ಬೇಡ, ಬೆರಳಿಗೆ ಹಿಡಿತ ಸಿಗದೆ ಹಾಳೆಯ ಅಂಚು ಹರಿಯುತ್ತದೆ. ಕೈ ತೊಳೆದು, ಪೂರ್ತಿ ಒರೆಸಿಕೊಂಡು ಮುಟ್ಟಿ.