ಬ್ರಿಟನ್ನಿನಲ್ಲಿ ಪ್ರಾಕ್ಟಿಕಲ್ ಶೂಟಿಂಗ್: ನಿಮ್ಮ ಪಾಯಿಂಟ್ 22 ರೈಫಲ್ ಸಿದ್ಧ ಮಾಡಿಕೊಳ್ಳುವುದು ಹೇಗೆ

ಕೊಡಗಿನಲ್ಲಿ ಬೆಳೆದವರಿಗೆ ಕೋವಿ ಹೊಸದಲ್ಲ. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟವರು ಬೇಕಾದಷ್ಟು ಜನ ಇದ್ದಾರೆ. ಅಂಥವರು ಇಂಗ್ಲೆಂಡಿಗೆ ಬಂದು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: "ಇಲ್ಲಿ ಎಆರ್-15 ತಗೊಂಡು ಮ್ಯಾಚ್ ಆಡಬಹುದಾ?"

ಎಆರ್-15 ಅಂದರೆ ದೊಡ್ಡ ತೋಟಾದ ಸೆಮಿ ಆಟೋಮ್ಯಾಟಿಕ್ ರೈಫಲ್; ಟ್ರಿಗರ್ ಒತ್ತಿದಾಗಲೆಲ್ಲ ಒಂದು ಗುಂಡು ಹಾರಿ, ಮುಂದಿನ ತೋಟಾ ತಾನೇ ತುಂಬಿಕೊಳ್ಳುತ್ತದೆ. ಅದರಲ್ಲಿ ಇಲ್ಲಿ ಆಡೋಕಾಗಲ್ಲ. ಅಮೆರಿಕದ ವೀಡಿಯೋಗಳಲ್ಲಿ ನೋಡಿದ್ದೆಲ್ಲ ಇಲ್ಲಿಗೆ ಹೊಂದುವುದಿಲ್ಲ. ಊರಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ಭಾರತದ ಕಾನೂನಿನದ್ದು. ಅದು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣ ದಾಟಿ ಬರುವುದಿಲ್ಲ.

1987ರ ಆಗಸ್ಟ್‌ನಲ್ಲಿ ಹಂಗರ್‌ಫೋರ್ಡ್ ಎಂಬ ಸಣ್ಣ ಪಟ್ಟಣದಲ್ಲಿ ಒಬ್ಬ 16 ಜನರನ್ನು ಗುಂಡಿಕ್ಕಿ ಕೊಂದ. ಮರುವರ್ಷವೇ, 1988ರಲ್ಲಿ, ದೊಡ್ಡ ತೋಟಾ ಹಾಕುವ ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳನ್ನು ನಿಷೇಧಿಸಿದರು. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳು ಮತ್ತು ಅವರ ಟೀಚರ್ ಗುಂಡೇಟಿಗೆ ಸತ್ತ ಮೇಲೆ ಪಿಸ್ತೂಲುಗಳೂ ಹೋದವು. ಇಲ್ಲಿನ ಜನ ಇದನ್ನು ಮರೆತಿಲ್ಲ. ಕೋವಿಗೆ ಅನುಮತಿ ಕೇಳಿದಾಗ ಪೊಲೀಸರು ನಿಮ್ಮನ್ನು ಇಷ್ಟೊಂದು ಪ್ರಶ್ನೆ ಯಾಕೆ ಕೇಳುತ್ತಾರೆ ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ಉಳಿದದ್ದು ಒಂದೇ ಬಾಗಿಲು, ಪಾಯಿಂಟ್ 22 ರಿಮ್‌ಫೈರ್, ಅಂದರೆ ಬುಡದ ಅಂಚಿಗೆ ಪೆಟ್ಟು ಬಿದ್ದಾಗ ಸಿಡಿಯುವ ಸಣ್ಣ ತೋಟಾ. ಈ ಪುಟ್ಟ ತೋಟಾ ಹಾಕುವ ಸೆಮಿ ಆಟೋಮ್ಯಾಟಿಕ್ ರೈಫಲನ್ನು ಪೊಲೀಸರು ಕೊಡುವ ಸರ್ಟಿಫಿಕೇಟ್ ಮೇಲೆ ಇಟ್ಟುಕೊಳ್ಳಬಹುದು. ಇದರ ಮೇಲೆಯೇ 'ಮಿನಿ ರೈಫಲ್' ಎಂಬ ಪ್ರಾಕ್ಟಿಕಲ್ ಸ್ಪರ್ಧೆ ನಡೆಯುತ್ತದೆ. ನಿಂತು, ಓಡಿ, ಗೋಡೆಯ ಮರೆಯಿಂದ ಬಗ್ಗಿ, ಪೇಪರ್ ಗುರಿಗೂ ಕಬ್ಬಿಣದ ತಟ್ಟೆಗೂ ಹೊಡೆಯಬೇಕು. ಪೇಪರ್ ಮೇಲೆ ಒಳಗಿನ ಎ ಭಾಗಕ್ಕೆ 5 ಅಂಕ, ಸಿ ಭಾಗಕ್ಕೆ 3, ಡಿ ಭಾಗಕ್ಕೆ 1. ತಪ್ಪಿದರೆ 10 ಅಂಕ ಕಳೆಯುತ್ತಾರೆ. ಬಂದ ಅಂಕವನ್ನು ತಗೊಂಡ ಸೆಕೆಂಡುಗಳಿಂದ ಭಾಗಿಸಿ ಲೆಕ್ಕ ಹಾಕುತ್ತಾರೆ. ಬರೀ ವೇಗವಾಗಿ ಹೊಡೆದರೂ ಸಾಲದು, ನಿಧಾನವಾಗಿ ಗುರಿ ಇಟ್ಟರೂ ಸಾಲದು. ಈ ಆಟ ನನಗೆ ಇಷ್ಟವಾದದ್ದು ಅದಕ್ಕೇ.

ಈಗ ಸರ್ಟಿಫಿಕೇಟ್ ವಿಷಯ. ಇದರ ಹೆಸರು ಫೈರ್‌ಆರ್ಮ್ ಸರ್ಟಿಫಿಕೇಟ್, ಎಲ್ಲರೂ ಎಫ್‌ಎಸಿ ಅನ್ನುತ್ತಾರೆ. ಕೊಡುವವರು ಇಲ್ಲಿ ನೀವು ವಾಸವಿರುವ ಕಡೆಯ ಪೊಲೀಸರು. ನೀವು ಬ್ರಿಟಿಷ್ ಪ್ರಜೆ ಆಗಿರಬೇಕು ಅಂತೇನಿಲ್ಲ. ಆದರೆ ಹೊಸದಾಗಿ ಬಂದವರಿಗೆ ತೊಡಕಾಗುವುದು ಬೇರೆ ಕಡೆ. ನಿಮ್ಮನ್ನು ಕನಿಷ್ಠ 2 ವರ್ಷದಿಂದ ಬಲ್ಲ, ಇಲ್ಲೇ ವಾಸವಿರುವ, ಸಂಬಂಧಿಕರಲ್ಲದ ಇಬ್ಬರು ನಿಮ್ಮ ಪರವಾಗಿ ಮಾತು ಕೊಡಬೇಕು. ಬೆಂಗಳೂರಿನ ಬಾಸ್ ಬರೆದುಕೊಟ್ಟ ಪತ್ರ ನಡೆಯುವುದಿಲ್ಲ. ಆದ್ದರಿಂದ ಬಂದ ವರ್ಷವೇ ಅರ್ಜಿ ಹಾಕಲು ಹೋಗಬೇಡಿ. ಮೊದಲು ಕ್ಲಬ್ ಸೇರಿ.

ಕ್ಲಬ್ ಅಂದರೆ ಹೋಮ್ ಆಫೀಸ್ (ಇಲ್ಲಿನ ಗೃಹ ಇಲಾಖೆ) ಮಾನ್ಯತೆ ಇರುವ ಕ್ಲಬ್. ಪ್ರೊಬೇಷನ್ ಕನಿಷ್ಠ 3 ತಿಂಗಳು, ಹಲವು ಕಡೆ ಇನ್ನೂ ಜಾಸ್ತಿ. ಆ ಸಮಯದಲ್ಲಿ ಕ್ಲಬ್ಬಿನ ರೈಫಲನ್ನೇ ಹೊಡೆಯಬಹುದು, ಅದಕ್ಕೆ ನಿಮ್ಮದೇ ಎಫ್‌ಎಸಿ ಬೇಕಿಲ್ಲ. ಪ್ರಾಕ್ಟಿಕಲ್ ಆಡಬೇಕೆಂದರೆ, ಇಲ್ಲಿ ಈ ಆಟ ನೋಡಿಕೊಳ್ಳುವ ಯುಕೆಪಿಎಸ್‌ಎ ಸಂಸ್ಥೆಯ ಸೇಫ್ಟಿ ಕೋರ್ಸ್ ಮಾಡಿ. ಮ್ಯಾಚ್ ಶುರುವಾಗುವ ಮೊದಲೇ ಅಧಿಕಾರಿಗಳು ನಿಮ್ಮ ಕೈಯನ್ನು ನೋಡುತ್ತಾರೆ. ಓಡುವಾಗ ಬೆರಳು ಟ್ರಿಗರ್ ಗಾರ್ಡಿನ ಒಳಗಿದ್ದರೆ, ಇಲ್ಲಾ ನಳಿಗೆ ತಪ್ಪು ದಿಕ್ಕಿಗೆ ತಿರುಗಿದರೆ, ಅವತ್ತಿನ ಆಟ ಅಲ್ಲಿಗೇ ಮುಗಿಯಿತು. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಅರ್ಜಿ ಶುಲ್ಕ 2025ರ ಫೆಬ್ರವರಿಯಿಂದ 198 ಪೌಂಡ್ ಆಗಿದೆ. ಸರ್ಟಿಫಿಕೇಟ್ 5 ವರ್ಷ ನಡೆಯುತ್ತದೆ. ನಿಮ್ಮ ಜಿಪಿ, ಅಂದರೆ ನೀವು ಹೆಸರು ನೋಂದಾಯಿಸಿದ ಡಾಕ್ಟರ್ ಕಡೆಯಿಂದ ಆರೋಗ್ಯದ ವರದಿ ಹೋಗಬೇಕು. ಹಿಂದೆ ಖಿನ್ನತೆಗೆ ಮಾತ್ರೆ ತಗೊಂಡಿದ್ದರೆ ಮುಚ್ಚಿಡಬೇಡಿ. ನಮ್ಮವರಲ್ಲಿ ಇದನ್ನು ಹೇಳಲು ಸಂಕೋಚ ಜಾಸ್ತಿ, ಗೊತ್ತು. ಆದರೆ ಮುಚ್ಚಿಟ್ಟದ್ದು ಸಿಕ್ಕರೆ ಕಾಯಿಲೆಗಿಂತ ಅದೇ ದೊಡ್ಡ ಸಮಸ್ಯೆ. ಆಮೇಲೆ ಮನೆಗೆ ಪೊಲೀಸರ ಕಡೆಯ ಅಧಿಕಾರಿ ಬರುತ್ತಾರೆ. ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಕಪಾಟು ನೋಡುತ್ತಾರೆ. ಅದರ ಬೀಗದ ಕೈ ಎಲ್ಲಿದೆ ಅಂತ ಹೆಂಡತಿಗೂ ಗೊತ್ತಿರಬಾರದು. ಬಾಡಿಗೆ ಮನೆಯಾದರೆ ಗೋಡೆ ಕೊರೆಯಲು ಮಾಲೀಕರ ಒಪ್ಪಿಗೆಯನ್ನು ಮೊದಲೇ ಬರೆಸಿಟ್ಟುಕೊಳ್ಳಿ.

ಸರಿ, ರೈಫಲ್ ಕೈಗೆ ಬಂತು ಅಂದುಕೊಳ್ಳೋಣ. ಇಲ್ಲಿ ಜಾಸ್ತಿ ಕಾಣುವುದು ರೂಗರ್ 10/22 ಮತ್ತು ಸ್ಮಿತ್ ಅಂಡ್ ವೆಸನ್‌ನ ಎಂ ಅಂಡ್ ಪಿ 15-22. ಎರಡಕ್ಕೂ ಬಿಡಿಭಾಗ ಧಾರಾಳವಾಗಿ ಸಿಗುತ್ತದೆ. ಯಾವುದನ್ನು ಸುಮ್ನೆ ಕೊಳ್ಳಬಹುದು, ಯಾವುದಕ್ಕೆ ಸರ್ಟಿಫಿಕೇಟಿನಲ್ಲಿ ಅನುಮತಿ ಬೇಕು ಅನ್ನುವುದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ನಳಿಗೆ, ಬೋಲ್ಟ್ (ತೋಟಾದ ಹಿಂಬದಿ ಮುಚ್ಚುವ ಭಾಗ), ರಿಸೀವರ್ (ಅದನ್ನು ಹಿಡಿದಿಡುವ ಚೌಕಟ್ಟು), ಅಂದರೆ ಗುಂಡಿನ ಒತ್ತಡ ತಡೆಯುವ ಭಾಗಗಳು, ಬಿಡಿಯಾಗಿದ್ದರೂ ಕಾನೂನಿನ ಕಣ್ಣಿನಲ್ಲಿ ಕೋವಿಯಷ್ಟೇ. ಇವನ್ನು ಹೊರದೇಶದಿಂದ ಆನ್‌ಲೈನಿನಲ್ಲಿ ತರಿಸಬೇಡಿ. ಭುಜಕ್ಕೆ ಆನಿಸುವ ಹಿಂಬದಿಯ ಕಟ್ಟಿಗೆ, ಹಿಡಿ, ಟ್ರಿಗರ್, ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಗುರಿಸಾಧನ), ತೋಟಾ ತುಂಬುವ ಮ್ಯಾಗಜೀನ್ ಇವೆಲ್ಲ ಬದಲಿಸಲು ಕೇಳಬೇಕಾಗಿಲ್ಲ. ಸದ್ದು ಇಳಿಸುವ ಮಾಡರೇಟರ್ ಬೇಕಿದ್ದರೆ ಕೊಳ್ಳುವ ಮೊದಲು ಪೊಲೀಸರ ಲೈಸೆನ್ಸಿಂಗ್ ಇಲಾಖೆಗೆ ಒಂದು ಮೇಲ್ ಹಾಕಿ.

ಅಳತೆಯಲ್ಲಿ ಮಾತ್ರ ಎಚ್ಚರ ತಪ್ಪಬೇಡಿ. ನಳಿಗೆ 30 ಸೆಂಟಿಮೀಟರಿಗಿಂತ, ಇಡೀ ರೈಫಲ್ 60 ಸೆಂಟಿಮೀಟರಿಗಿಂತ ಕಡಿಮೆ ಆಗುವ ಹಾಗಿಲ್ಲ. ಮಡಚುವ, ಬಿಚ್ಚುವ ಅಥವಾ ಉದ್ದ ಬದಲಿಸುವ ಕಟ್ಟಿಗೆ ಹಾಕಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯದೆ ಅಳೆಯುತ್ತಾರೆ. ಚೆಂದ ಕಾಣುತ್ತದೆ ಅಂತ ಮಡಚುವ ಕಟ್ಟಿಗೆ ತರಿಸಿ, ಅದರಿಂದ ರೈಫಲ್ 60ರ ಕೆಳಗೆ ಇಳಿದರೆ, ನಿಮ್ಮ ಬಳಿ ಇರುವುದು ನಿಷೇಧಿತ ಆಯುಧ. ಅದಕ್ಕೆ ವಯಸ್ಕರಿಗೆ ಸಾಮಾನ್ಯವಾಗಿ ಕನಿಷ್ಠ 5 ವರ್ಷ ಜೈಲು. ಟ್ರಿಗರ್ ಒಂದು ಸಲ ಒತ್ತಿದರೆ ಹಲವು ಗುಂಡು ಹಾರುವ ಹಾಗೆ ಏನನ್ನೂ ಮುಟ್ಟಬಾರದು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ದುಡ್ಡು ಎಲ್ಲಿ ಹಾಕಬೇಕು? ನನ್ನ ಅನುಭವದಲ್ಲಿ ಮೊದಲು ತೋಟಾ, ಆಮೇಲೆ ರೆಡ್ ಡಾಟ್, ಕೊನೆಗೆ ಟ್ರಿಗರ್. ಸೆಮಿ ಆಟೋಮ್ಯಾಟಿಕ್ ಪಾಯಿಂಟ್ 22ಕ್ಕೆ ತೋಟಾ ಒಗ್ಗುವುದು ಮಕ್ಕಳಿಗೆ ಊಟ ಒಗ್ಗಿದ ಹಾಗೆ, ಒಂದೊಂದಕ್ಕೆ ಒಂದೊಂದು. ನನ್ನ ಎರಡನೇ ಮ್ಯಾಚಿನಲ್ಲಿ ಶುರು ಮಾಡಲು ಟೈಮರಿನ ಬೀಪ್ ಆಯಿತು, ಮೂರು ತಟ್ಟೆ ಬಿದ್ದವು, ನಾಲ್ಕನೆಯದಕ್ಕೆ ಬರೀ 'ಟಕ್'. ನೋಡಿದರೆ ಹೊಡೆದ ತೋಟಾದ ಖಾಲಿ ಕೋಶ ಬೋಲ್ಟಿನ ಬಾಯಲ್ಲಿ ನೆಟ್ಟಗೆ ನಿಂತಿತ್ತು, ಹೊಗೆ ಇನ್ನೂ ಆಡುತ್ತಿತ್ತು. ಅದನ್ನು ತೆಗೆದು ಮತ್ತೆ ಶುರು ಮಾಡುವಷ್ಟರಲ್ಲಿ 9 ಸೆಕೆಂಡ್ ಹೋಗಿತ್ತು. ಮನೆಗೆ ಬಂದು ಬಿಚ್ಚಿದಾಗ, ಖಾಲಿ ಕೋಶವನ್ನು ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರಿನ ಕೊಕ್ಕೆಯ ಕೆಳಗೆ ಸೀಸ ಮತ್ತು ಮೇಣ ಸೇರಿ ಕಪ್ಪಗೆ ಅಂಟು ಕಟ್ಟಿತ್ತು. ಆಮೇಲೆ ನಾಲ್ಕೈದು ಬ್ರ್ಯಾಂಡ್ ಒಂದೊಂದು ಪೆಟ್ಟಿಗೆ ತಂದು ಹೊಡೆದು ನೋಡಿದೆ. ತಡೆಯಿಲ್ಲದೆ ನಡೆದದ್ದನ್ನೇ ಇಟ್ಟುಕೊಂಡೆ. ಪ್ರತಿ ಮ್ಯಾಚಿನ ಹಿಂದಿನ ರಾತ್ರಿ ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ಆ ಕೊಕ್ಕೆ ಉಜ್ಜುತ್ತೇನೆ.

ಇನ್ನೊಂದು ಮಾತು ಇಲ್ಲಿನ ಚಳಿಯದ್ದು. ಜುಲೈನಲ್ಲಿ ಟೀ ಶರ್ಟ್ ಹಾಕಿಕೊಂಡು ಕಟ್ಟಿಗೆಯ ಉದ್ದ ಹೊಂದಿಸಿದರೆ, ಜನವರಿಯಲ್ಲಿ ದಪ್ಪ ಜಾಕೆಟ್ ಮೇಲೆ ಅದು ಭುಜಕ್ಕೆ ಸಿಕ್ಕಿಕೊಳ್ಳುತ್ತದೆ. ಉದ್ದ ಬದಲಿಸಬಹುದಾದ ಕಟ್ಟಿಗೆಯನ್ನೇ ತಗೊಳ್ಳಿ, ಚಳಿಗಾಲಕ್ಕೆ ಒಂದು ಹಂತ ಚಿಕ್ಕದು ಮಾಡಿ. ಮಳೆಯಲ್ಲಿ ರೆಡ್ ಡಾಟಿನ ಗಾಜಿನ ಮೇಲೆ ಹನಿ ಕೂತರೆ ಕೆಂಪು ಚುಕ್ಕೆ ಹತ್ತಾಗಿ ಕಾಣುತ್ತದೆ. ಜೇಬಿನಲ್ಲಿ ಒಣಗಿದ ಬಟ್ಟೆ ಇರಲಿ. ಬೀಪ್ ಕೇಳುವ ಮೊದಲು ಒರೆಸಿಕೊಳ್ಳಲು ಅಧಿಕಾರಿ ಸಾಮಾನ್ಯವಾಗಿ ಅವಕಾಶ ಕೊಡುತ್ತಾರೆ. ರೆಡ್ ಡಾಟ್ ಹಾಕಿದರೆ ನೀವು ಓಪನ್ ವಿಭಾಗ. ಬರೀ ಕಬ್ಬಿಣದ ಗುರಿಕಣ್ಣಿನಲ್ಲಿ ಆಡುವವರಿಗೆ ಸ್ಟ್ಯಾಂಡರ್ಡ್ ಇದೆ.

ಮುಂದೆ ರೈಫಲ್ ಮಾರಬೇಕಾದರೆ ಕೊಳ್ಳುವವರ ಸರ್ಟಿಫಿಕೇಟ್ ನೋಡಿ, ಎದುರೆದುರೇ ಕೈಗೆ ಕೊಟ್ಟು, 7 ದಿನದೊಳಗೆ ಪೊಲೀಸರಿಗೆ ತಿಳಿಸಿ. ಮನೆ ಬದಲಿಸಿದರೂ ಹಾಗೇ ತಿಳಿಸಬೇಕು. ನಾರ್ದರ್ನ್ ಐರ್ಲೆಂಡಿನಲ್ಲಿ ಇರುವವರು ಇದ್ಯಾವುದನ್ನೂ ಹಾಗೇ ನಂಬಿ ನಡೆಯಬೇಡಿ, ಅಲ್ಲಿನ ಕಾನೂನು ಬೇರೆ.

ಮೊದಲ ಮ್ಯಾಚಿನ ದಿನ ಚೇಂಬರ್ ಫ್ಲಾಗ್ (ಒಳಗೆ ತೋಟಾ ಇಲ್ಲ ಎಂದು ತೋರಿಸುವ ಪ್ಲಾಸ್ಟಿಕ್ ಗುರುತು) ಹಾಕಿದ ರೈಫಲ್ ಚೀಲದಲ್ಲಿರಲಿ, ತೋಟಾ ಬೇರೆ ಡಬ್ಬಿಯಲ್ಲಿರಲಿ, ಎಫ್‌ಎಸಿ ಜೇಬಿನಲ್ಲಿರಲಿ. ಹೋದ ತಕ್ಷಣ ನಿಮ್ಮ ಗುಂಪಿನ ಅಧಿಕಾರಿಗೆ "ಇದು ನನ್ನ ಮೊದಲ ಮ್ಯಾಚ್" ಅನ್ನಿ. ಹೇಳಿದರೆ ಅವರು ನಿಮ್ಮನ್ನು ಸಾಲಿನ ಕೊನೆಗೆ ಹಾಕುತ್ತಾರೆ. ಉಳಿದವರು ಹೊಡೆಯುವುದನ್ನು ನೋಡಿಕೊಂಡು ಆಮೇಲೆ ನೀವು ನಿಲ್ಲಬಹುದು.