ನಿಮ್ಮ ಡೊಮೇನ್ ಮೇಲೆ ಟ್ರೇಡ್‌ಮಾರ್ಕ್ ನೋಟಿಸ್ ಬಂತಾ? ಹೀಗೆ ಉತ್ತರ ಕೊಡಿ

ಕಲಬುರಗಿ ಗಂಜ್‌ನಲ್ಲಿ ಬೇಳೆ ಮಾರುವವರಿಗೂ ಈಗ ವೆಬ್‌ಸೈಟ್ ಇದೆ, ಬೀದರ್‌ನಲ್ಲಿ ಬಿದ್ರಿ ಕೆಲಸ ಮಾಡುವವರಿಗೂ ಇದೆ. ಒಂದು ದಿನ ಯಾವುದೋ ಊರಿನ ಕಂಪನಿ, 'ಈ ಹೆಸರು ನಮ್ಮ ಟ್ರೇಡ್‌ಮಾರ್ಕ್, ಡೊಮೇನ್ ಬಿಟ್ಟುಕೊಡಿ' ಅಂತ ನೋಟಿಸ್ ಕಳಿಸುತ್ತದೆ. ಆಗ ಕೆಲವರು ಹೆದರಿ ಕೊಟ್ಟೇ ಬಿಡುತ್ತಾರೆ. ಇನ್ನು ಕೆಲವರು ಸಿಟ್ಟಿಗೆದ್ದು 'ಎರಡು ಲಕ್ಷ ಕೊಡಿ, ಬಿಡ್ತೀನಿ' ಅಂತ ವಾಟ್ಸಾಪ್ ಮಾಡುತ್ತಾರೆ. ಎರಡನೆಯದೇ ಜಾಸ್ತಿ ಹಾಳು. ಹೆಸರನ್ನು ಮಾರಿ ದುಡ್ಡು ಮಾಡಲೆಂದೇ ತೆಗೆದುಕೊಂಡಿದ್ದೀರಿ ಅನ್ನುವುದಕ್ಕೆ ಆ ಒಂದು ಮೆಸೇಜನ್ನೇ ಅವರು ಸಾಕ್ಷಿ ಮಾಡಿಕೊಳ್ಳುತ್ತಾರೆ.

ಹಾಗಾಗಿ ಮೊದಲ ಕೆಲಸ, ಫೋನ್ ಕೆಳಗಿಡಿ. ಸೈಟನ್ನೂ ಮುಟ್ಟಬೇಡಿ, ಏನನ್ನೂ ಅಳಿಸಬೇಡಿ.

ಎರಡನೆಯದು, ಬಂದಿರುವುದು ಯಾವ ಕಾಗದ ಅಂತ ನೋಡಿ. ಬರೀ ವಕೀಲರ ನೋಟಿಸ್ ಆದರೆ ಅಷ್ಟಕ್ಕೇ ಡೊಮೇನ್ ಹೋಗುವುದಿಲ್ಲ. ಕೋರ್ಟ್ ಸಮನ್ಸ್ ಆದರೆ ಅವತ್ತೇ ವಕೀಲರ ಹತ್ತಿರ ಹೋಗಿ. ಡಾಟ್ ಕಾಮ್ ಹೆಸರಿನ ಮೇಲೆ ದೂರು ಬಂದಿದ್ದರೆ ಅದು ಕೋರ್ಟ್ ಹೊರಗೆ ಡೊಮೇನ್ ಜಗಳ ಬಗೆಹರಿಸುವ ಯುಡಿಆರ್‌ಪಿ ನಿಯಮದಲ್ಲಿ ನಡೆಯುತ್ತದೆ. ಇದು 1999ರಿಂದ ಇದೆ. ಉತ್ತರಕ್ಕೆ 20 ದಿನ, ಕೇಳಿಕೊಂಡರೆ ಇನ್ನೂ 4 ದಿನ. ಡಾಟ್ ಇನ್ ಆದರೆ, ಆ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಇಂಥದ್ದೇ ನಿಯಮ ಐಎನ್‌ಡಿಆರ್‌ಪಿ. ಅಲ್ಲಿ ಒಬ್ಬ ಮಧ್ಯಸ್ಥರು ನೋಡುತ್ತಾರೆ, ಅವರ ನೋಟಿಸ್‌ನಲ್ಲಿರುವ ತಾರೀಖೇ ಗಡುವು. ಈ ದೂರುಗಳೆಲ್ಲ ಡೊಮೇನ್ ದಾಖಲೆಯಲ್ಲಿರುವ ಇಮೇಲ್‌ಗೆ ಬರುತ್ತವೆ. ನಮ್ಮ ಕಡೆ ಆ ಇಮೇಲ್ ಬಹಳ ಸಲ ಸೈಟ್ ಮಾಡಿಕೊಟ್ಟ ಹುಡುಗನದ್ದಾಗಿರುತ್ತದೆ. ಅವನನ್ನು ಇವತ್ತೇ ಹಿಡಿದು ಸ್ಪ್ಯಾಮ್ ಫೋಲ್ಡರ್ ಸಮೇತ ತೆರೆಸಿ ನೋಡಿ. 'ಚೀನಾದಲ್ಲಿ ನಿಮ್ಮ ಹೆಸರನ್ನು ಯಾರೋ ಬುಕ್ ಮಾಡ್ತಿದ್ದಾರೆ, ಬೇಗ ನಮ್ಮಲ್ಲಿ ತಗೊಳ್ಳಿ' ಅನ್ನುವ ಮೇಲ್ ಸಿಕ್ಕರೆ ಅದು ದೂರಲ್ಲ, ಮೋಸ. ಡಿಲೀಟ್ ಮಾಡಿ.

ಇನ್ನು ನಿಜವಾದ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ದೂರು ಕೊಟ್ಟವರು ಮೂರು ಮಾತು ಸಾಬೀತು ಮಾಡಬೇಕು: ನಿಮ್ಮ ಡೊಮೇನ್ ಅವರ ಮಾರ್ಕ್‌ನಂತೆಯೇ ಇದೆ, ಆ ಹೆಸರಿನ ಮೇಲೆ ನಿಮಗೆ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ತೆಗೆದುಕೊಂಡಿದ್ದೀರಿ. ಡಾಟ್ ಕಾಮ್‌ನಲ್ಲಿ ಕೆಟ್ಟ ಉದ್ದೇಶ ತೆಗೆದುಕೊಂಡಾಗಲೂ ಇರಬೇಕು, ಬಳಸುವಾಗಲೂ ಇರಬೇಕು. ಡಾಟ್ ಇನ್‌ನಲ್ಲಿ ಎರಡರಲ್ಲಿ ಒಂದಿದ್ದರೆ ಸಾಕು, ಅದಕ್ಕೇ ಡಾಟ್ ಇನ್‌ನವರು ಜಾಸ್ತಿ ಹುಷಾರಾಗಿರಬೇಕು. ಮೊದಲನೇ ಮಾತಿಗೆ ಜಗಳ ಆಡುತ್ತಾ ಕೂರಬೇಡಿ, ಹೆಸರು ಕಣ್ಣಿಗೆ ಒಂದೇ ಥರ ಕಂಡರೆ ಅದು ಅವರ ಪಾಲಾಯಿತು. ನಿಮ್ಮ ಬಲವೆಲ್ಲ ಉಳಿದೆರಡರಲ್ಲಿದೆ, ಅದೂ ತಾರೀಖಿನ ಲೆಕ್ಕದಲ್ಲಿ.

ಸರ್ಕಾರದ ಟ್ರೇಡ್‌ಮಾರ್ಕ್ ದಾಖಲೆ ಇರುವ ಐಪಿ ಇಂಡಿಯಾ ಸೈಟ್‌ನಲ್ಲಿ ಅವರ ಮಾರ್ಕ್ ಹುಡುಕಿ, ದುಡ್ಡು ಬೇಕಿಲ್ಲ. ಅರ್ಜಿ ಹಾಕಿದ ದಿನ, ಯಾವಾಗಿಂದ ಬಳಸುತ್ತಿದ್ದೇವೆ ಅಂತ ಅವರೇ ಬರೆದಿರುವ ದಿನ, ಯಾವ ಕ್ಲಾಸ್ (ಅಂದರೆ ಯಾವ ಬಗೆಯ ಸರಕಿಗೆ), ನೋಂದಣಿ ಆಗಿದೆಯೋ ಆಕ್ಷೇಪದಲ್ಲಿದೆಯೋ, ಎಲ್ಲ ಬರೆದಿಟ್ಟುಕೊಳ್ಳಿ. ಆಮೇಲೆ ನಿಮ್ಮ ಕಾಗದ ಹುಡುಕಿ. ಬೇಳೆ ಚೀಲದ ಮೇಲೆ ಹೆಸರು ಅಚ್ಚು ಹಾಕಿಸಿದ ಪ್ರೆಸ್ ಬಿಲ್, ಹಳೇ ಬಿಲ್ ಬುಕ್, ಜಿಎಸ್‌ಟಿ ಸರ್ಟಿಫಿಕೇಟ್, ಆಹಾರದ ಲೈಸೆನ್ಸ್, ಡೊಮೇನ್ ಕೊಂಡ ರಸೀದಿ. ಹಳೇ ವೆಬ್ ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಷಿನ್‌ನಲ್ಲಿ ನಿಮ್ಮ ಸೈಟ್‌ನ ಹಳೇ ಪುಟ ಇದ್ದರೆ ತಾರೀಖು ಕಾಣುವ ಹಾಗೆ ಪ್ರಿಂಟ್ ತೆಗೆಯಿರಿ. ತಾರೀಖಿಲ್ಲದ ಸ್ಕ್ರೀನ್‌ಶಾಟ್ ನಲವತ್ತು ಹಚ್ಚುವುದಕ್ಕಿಂತ ಅಂಗಡಿ ಹೆಸರಿರುವ ಒಂದು ಹಳೇ ಬಿಲ್ ಮೇಲು. ಅವರ ಬಳಕೆ, ಅವರ ನೋಂದಣಿ ಎರಡಕ್ಕೂ ಮೊದಲಿಂದ ನೀವು ಆ ಹೆಸರಲ್ಲಿ ಬಿಡದೆ ವ್ಯಾಪಾರ ಮಾಡಿದ್ದರೆ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ನಿಮ್ಮ ಪರ ಇದೆ. ಬಿದ್ರಿಗೂ ಗುಲ್ಬರ್ಗಾ ತೊಗರಿ ಬೇಳೆಗೂ ಜಿಐ ಟ್ಯಾಗ್ (ಒಂದು ಪ್ರದೇಶದ ವಿಶೇಷ ಸರಕಿಗೆ ಸಿಗುವ ಕಾನೂನಿನ ಗುರುತು) ಇದೆ, ತೊಗರಿಗೆ ಸಿಕ್ಕಿದ್ದು 2019ರಲ್ಲಿ. ಇಡೀ ಜಿಲ್ಲೆಯ ಕಸುಬಿನ ಹೆಸರನ್ನು ಒಬ್ಬರೇ ತಮ್ಮದು ಅಂದರೆ ಅದನ್ನೂ ಉತ್ತರದಲ್ಲಿ ಬರೆಯಿರಿ.

ಸೈಟ್ ಖಾಲಿ ಬಿಟ್ಟಿದ್ದೀರಾ? ಡೊಮೇನ್ ಮಾರಿದ ಕಂಪನಿಗಳು ಖಾಲಿ ಪುಟದಲ್ಲಿ ತಾವೇ ಜಾಹೀರಾತು ತುಂಬುತ್ತವೆ. ಅಲ್ಲಿ ದೂರು ಕೊಟ್ಟವರ ಎದುರಾಳಿ ಕಂಪನಿಯ ಲಿಂಕ್ ಬಂದರೆ ಹೊಣೆ ನಿಮ್ಮ ತಲೆಗೇ ಬರುತ್ತದೆ. ಅಂಥ ಪುಟ ಈಗಾಗಲೇ ಇದ್ದರೆ ಅದು ಹೇಗೆ ಬಂತು ಅಂತ ಉತ್ತರದಲ್ಲಿ ನೀವೇ ಹೇಳಿಬಿಡಿ.

ಬರೆಯುವುದು ಸುಲಭ. ಅವರು ಹೇಳಿದ ಒಂದೊಂದು ಮಾತಿಗೂ ಅದೇ ಕ್ರಮದಲ್ಲಿ ಉತ್ತರ, ಪಕ್ಕದಲ್ಲಿ ದಾಖಲೆ ನಂಬರ್. ಡಾಟ್ ಕಾಮ್ ದೂರುಗಳನ್ನು ನಡೆಸುವ ಸಂಸ್ಥೆಗಳಲ್ಲಿ ಒಂದಾದ ವೈಪೋದಲ್ಲಿ 5,000 ಪದದ ಮಿತಿ ಇದೆ, ಅಷ್ಟೆಲ್ಲ ಬೇಕಾಗುವುದಿಲ್ಲ. ಒಬ್ಬರೇ ತೀರ್ಪುಗಾರರಿದ್ದರೆ ನೀವು ಶುಲ್ಕ ಕಟ್ಟಬೇಕಿಲ್ಲ. ಇಂಟರ್ನೆಟ್‌ನಲ್ಲಿ ಸಿಗುವ ರೆಡಿಮೇಡ್ ಉತ್ತರವನ್ನಂತೂ ಹಚ್ಚಲೇಬೇಡಿ, ಅದರಲ್ಲಿ ನಿಮ್ಮ ತಾರೀಖು ಇರುವುದಿಲ್ಲ. ಬೇರೆಯವರ ಬ್ರ್ಯಾಂಡ್ ಅಂತ ಗೊತ್ತಿದ್ದೇ ತೆಗೆದುಕೊಂಡಿದ್ದರೆ ಇಷ್ಟೆಲ್ಲ ಮಾಡದೆ, ವಕೀಲರ ಮೂಲಕ, ನಿಮಗಾದ ಖರ್ಚಷ್ಟೇ ಕೇಳಿ ಕೊಟ್ಟುಬಿಡಿ.

ಸೋತರೂ ಡಾಟ್ ಕಾಮ್ ತಕ್ಷಣ ಕೈ ಬಿಟ್ಟು ಹೋಗುವುದಿಲ್ಲ. 10 ಕೆಲಸದ ದಿನಗಳೊಳಗೆ ಕೋರ್ಟ್‌ನಲ್ಲಿ ದಾವೆ ಹಾಕಿ, ಅದರ ಪ್ರತಿಯನ್ನು ಡೊಮೇನ್ ಕೊಟ್ಟ ಕಂಪನಿಗೆ ಕಳಿಸಿದರೆ ವರ್ಗಾವಣೆ ನಿಲ್ಲುತ್ತದೆ. ಗೆದ್ದರೆ, ಅದೇ ವಾರ ಡೊಮೇನನ್ನು ನಿಮ್ಮ ಹೆಸರಿಗೆ, ನಿಮ್ಮ ಇಮೇಲ್‌ಗೆ ಮಾಡಿಸಿಕೊಂಡು, ಚೆನ್ನೈ ಟ್ರೇಡ್‌ಮಾರ್ಕ್ ಕಚೇರಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಿ. ಒಬ್ಬ ವ್ಯಕ್ತಿಗೆ ಒಂದು ಕ್ಲಾಸ್‌ಗೆ ಶುಲ್ಕ 4,500 ರೂಪಾಯಿ.